ಭಾವನ ಕೆಂಪು ದೀಪ

ನಮ್ಮ ಭಾವನಿಗೆ ಈ ಪ್ರಪಂಚದಲ್ಲಿ ಯಾವುದರ ಮೇಲಾದರೂ ಪೂರ್ತಿ ನಂಬಿಕೆ ಇದೆಯೆಂದು ನೀವು ತೋರಿಸಿಕೊಟ್ಟರೆ, ನಾನು ಸಿಂಗಸಂದ್ರದಿಂದ ಬೆಳ್ಳಂದೂರಿಗೆ ಒಂಟಿಕಾಲಿನಲ್ಲಿ ಕುಂಟಿಕೊಂಡು ಹೋಗಿ ಬರುತ್ತೇನೆ! ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ಕಾಯುವುದು ಅವರ ಕೆಲಸ. ಸರ್ವರ್ ಕೆಟ್ಟರೆ ಉಳಿದವರಿಗೆಲ್ಲ ಮೇಲ್ ಬರುತ್ತದೆ. "ಮೇಲ್ ಯಾರ್ ಓದ್ತಾರೆ?" ಎನ್ನುವ ಭಾವ, ಏನಾದರೂ ಕೆಟ್ಟ ಕೂಡಲೇ ತಾವಾಗಿಯೇ ಓಡುವ ಪುಟ್ಟ ಪ್ರೋಗ್ರಾಂಗಳನ್ನು ಬರೆದಿಟ್ಟಿದ್ದಾರೆ. ಡಿಸ್ಕ್ ತುಂಬಿದರೆ ಅವರ ಸ್ಪೀಕರಿನಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ. ಮೊದಲ ದಿನ ಇಡೀ ಫ್ಲೋರು ಹನ್ನೊಂದು ಗಂಟೆಗೇ ಊಟದ ಡಬ್ಬಿ ಬಿಚ್ಚಿತಂತೆ!

ಹೋದ ವರ್ಷ ಬಾಣಂತನದಲ್ಲಿ ಜ್ವರ ಬಂದು ಅಕ್ಕನ ಎರಡೂ ಕಿವಿ ಹೋದವು. ಕಿವಿಯ ಯಂತ್ರವೂ ಉಪಯೋಗಕ್ಕೆ ಬರಲಿಲ್ಲ. ಮಗು ಅತ್ತರೆ ಅವಳಿಗೆ ಕೇಳಿಸದು. ಅಮ್ಮ ಹಠ ಹಿಡಿದಳು.

"ಇವ್ಳೊಬ್ಳೇ ಕೂಸಿನ್ನ ಹೆಂಗ್ ನೋಡ್ಕೋತಾಳಪಾ? ಇಬ್ರನ್ನೂ ದಾವಣಗೆರಿಗೆ ಕರ್ಕಂಡು ಹೋಗ್ತೀನಿ."

ಅಮ್ಮನ ತುಟಿ ನೋಡಿಯೇ ಅಕ್ಕನಿಗೆ ಅರ್ಥವಾಯಿತು. "ನನ್ ಮಗನ್ನ ನನ್ ಮನೇಲೇ ಸಾಕ್ತೀನಿ" ಎಂದು ಅತ್ತುಬಿಟ್ಟಳು. ಭಾವ ಒಂದು ವಾರ ಸಮಯ ಕೇಳಿದರು.

ತೊಟ್ಟಿಲಿಗೊಂದು ಮೈಕು ಬಂತು, ಕೋಣೆಗೊಂದು ದೀಪ ಬಂತು. ಮಗು ಅತ್ತರೆ ಪ್ರೋಗ್ರಾಂ ಓಡಿ ಎಲ್ಲ ಕಡೆ ಕೆಂಪು ದೀಪ ಮಿನುಗಬೇಕು. ಆದರೆ ನಮ್ಮ ಮಹಾಶಯರು ಆಫೀಸಿನ ಪ್ರೋಗ್ರಾಮನ್ನೇ ನಕಲು ಮಾಡಿ, ಅದರೊಳಗಿದ್ದ ಸಹೋದ್ಯೋಗಿಗಳ ಫೋನ್ ನಂಬರುಗಳನ್ನು ಅಳಿಸಲು ಮರೆತಿದ್ದರು. ಮಗು ಹಸಿದು ಅತ್ತಿತು. ಅತ್ತ ಆಫೀಸಿನಲ್ಲಿ ಫೋನುಗಳು ಬಡಿದುಕೊಂಡು ನಾಲ್ವರು ಇಂಜಿನಿಯರುಗಳು ಸರ್ವರ್ ಕೋಣೆಗೆ ಓಡಿದರು!

"ಯಾವ್ ಸರ್ವರ್ ಹೋಗಿದೆ ಗುರು?" ಎಂದು ಅವರಲ್ಲೊಬ್ಬ ಭಾವನಿಗೆ ಫೋನು ಮಾಡಿದ.

"ನಮ್ಮನೇದು ಕಣ್ರೋ. ಹಾಲು ಕುಡುದ್ರೆ ಸರಿಹೋಗುತ್ತೆ."

ಮರುದಿನ ಎದುರು ಮನೆಯ ಮಿಕ್ಸಿಯ ಸದ್ದಿಗೂ ದೀಪ ಮಿನುಗಿತು. ಅಮ್ಮ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಭಾವ ರಜೆ ಹಾಕಿ, ತೊಟ್ಟಿಲ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು.

ಭಾನುವಾರಕ್ಕೆ ಭಾವ ಕೇಳಿದ್ದ ಒಂದು ವಾರ ಮುಗಿಯಿತು. ಅಕ್ಕ ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಕೋಣೆಯಲ್ಲಿ ಮಗು ಅತ್ತಿತು. ಕೆಂಪು ದೀಪ ಮಿನುಗಿತು. ಅಮ್ಮ ಸೋಫಾದಿಂದ ಏಳುವಷ್ಟರಲ್ಲಿ ಅಕ್ಕ ಮಗುವನ್ನು ಎತ್ತಿಕೊಂಡಾಗಿತ್ತು! ಅಮ್ಮ ಕಣ್ಣೊರೆಸಿಕೊಂಡು ಚೀಲದ ಬಟ್ಟೆಗಳನ್ನೆಲ್ಲ ಮತ್ತೆ ಕಪಾಟಿನಲ್ಲಿ ಜೋಡಿಸಿದಳು.

ಸಂಜೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ದೀಪ ಮತ್ತೆ ಮಿನುಗಿತು, ಈ ಸಲ ಹಳದಿ. ಅಳುವ ಸದ್ದೇ ಇಲ್ಲ!

"ಭಾವ, ಮತ್ತೆ ಕೆಡ್ತು ನೋಡಿ ನಿಮ್ ಪ್ರೋಗ್ರಾಂ! ಮಗು ಆರಾಮಾಗಿ ನಗ್ತಾ ಇದೆ" ಎಂದು ನಾನು ಛೇಡಿಸಿದೆ.

ಭಾವ ಲೋಟದೊಳಗೆ ನೋಡುತ್ತ ಮೆಲ್ಲಗೆ ಹೇಳಿದರು: "ಕೆಟ್ಟಿಲ್ಲ ಕಣೋ. ನಗೋದೂ ಅವ್ಳಿಗೆ ಗೊತ್ತಾಗ್ಬೇಕಲ್ವಾ?"

ಅಕ್ಕ ಆಗಲೇ ಕಾಫಿ ಬಿಟ್ಟು ತೊಟ್ಟಿಲ ಕಡೆ ಓಡಿದ್ದಳು.