ವರನ ಫೈಲಿನ ಹೊಟ್ಟೆಯೊಳಗೆ

ಅನುಮಾನ ಹುಟ್ಟುಗುಣ ಎನ್ನುವವರನ್ನು ನಾನು ನಂಬುವುದಿಲ್ಲ. ನನಗಂತೂ ಅದು ಕಚೇರಿ ಆದೇಶದ ಮೇಲೆ ಬಂತು. ಶಹಾಪುರದ ಕಾಲೇಜೊಂದರಲ್ಲಿ ಗುಮಾಸ್ತನಾಗಿರುವ ನನ್ನನ್ನು ಯಾದಗಿರಿಗೆ ಕಂಪ್ಯೂಟರ್ ಸುರಕ್ಷತೆಯ ತರಬೇತಿಗೆ ಕಳಿಸಿದರು. ಪತ್ರ, ಬಿಲ್ಲು, ಆಮಂತ್ರಣ ಎಂದು ಸಾಧುವಿನಂತೆ ಬರುವ ಫೈಲಿನ ಹೊಟ್ಟೆಯೊಳಗೆ ಮ್ಯಾಕ್ರೋ ಎಂಬ ಸಣ್ಣ ಪ್ರೋಗ್ರಾಮು ಅಡಗಿರಬಹುದು. ತೆರೆದಾಗ ಮೇಲೊಂದು ಹಳದಿ ಪಟ್ಟಿ ಬಂದು ಅನುಮತಿ ಕೇಳುತ್ತದೆ. ಒತ್ತಿದಿರೋ, ಕಂಪ್ಯೂಟರ್ ಕಳ್ಳರ ಪಾಲು ಎಂದು ಅಲ್ಲಿ ಹೆದರಿಸಿದರು. ಅಂದಿನಿಂದ ಹಾಲಿನವನ ಕ್ಯಾನನ್ನೂ ಬಗ್ಗಿ ನೋಡತೊಡಗಿದೆ. ಪ್ರಿನ್ಸಿಪಾಲರು ಕಳಿಸಿದ ರಜೆಯ ಸುತ್ತೋಲೆಯನ್ನೂ ಅನುಮಾನಪಟ್ಟು ತೆರೆಯದೆ, ರಜೆಯ ದಿನ ಕಚೇರಿಯ ಬೀಗದ ಮುಂದೆ ಒಬ್ಬನೇ ನಿಂತು ಬಂದೆ.

ಇಂಥ ಹೊತ್ತಿನಲ್ಲೇ ನಾದಿನಿ ರೇಣುಕಾಳಿಗೆ ಸುರಪುರದ ರಂಗಂಪೇಟೆಯಿಂದ ಒಂದು ಸಂಬಂಧ ಬಂತು. ತರಬೇತಿಯ ನಂತರ ಬಂದಿದ್ದ ಬೇರೆ ಸಂಬಂಧದವರೆಲ್ಲ ನನ್ನ ವಿಚಾರಣೆಯ ಬಿಸಿಗೇ ಓಡಿದ್ದರು. ಇದೂ ತಪ್ಪಿದರೆ ಜನ್ಮದಲ್ಲಿ ನನ್ನೊಡನೆ ಮಾತಾಡುವುದಿಲ್ಲ ಎಂದು ಹೆಂಡತಿ ಶಾಂತಾ ಮೊದಲೇ ಹೇಳಿಬಿಟ್ಟಿದ್ದಳು. ಹುಡುಗನ ತಂದೆ ಬಯೋಡೇಟಾ ಕಳಿಸಿದರು. ತೆರೆದರೆ ಮೇಲೆ ಹಳದಿ ಪಟ್ಟಿ! ಕೆಳಗೆ ಹುಡುಗನ ಹೆಸರಿನಿಂದ ಹಿಡಿದು ಎಲ್ಲವೂ ಕಲಸಿಹೋದ ಅಕ್ಷರ.

"ಒತ್ರೀ, ಹುಡುಗ ಏನು ಓದ್ಯಾನ ನೋಡೂಣು," ಎಂದಳು ಶಾಂತಾ.

"ಒತ್ತು ಅನ್ನಾಕತ್ತದಲ್ಲ, ಅದಕ್ಕ ಒತ್ತಬಾರದು," ಎಂದೆ.

"ಹುಡುಗನ್ನ ಬಿಟ್ಟು ಫೈಲಿಗೆ ಯಾಕ ಗಂಟು ಬಿದ್ದೀರಿ?"

ನಾನು ನೇರವಾಗಿ ಹುಡುಗನ ತಂದೆಗೆ ಫೋನ್ ಮಾಡಿ, "ಈ ಫೈಲ್ ನೀವ ಕಳಸೀರಿ ಅನ್ನಾಕ ಏನ್ರಿ ಪುರಾವೆ?" ಎಂದು ಕೇಳಿದೆ.

"ನನ್ನ ಮಗನ ಬಯೋಡೇಟಾ ನಾನಲ್ದ ಮತ್ಯಾರು ಕಳಸ್ತಾರ್ರಿ?" ಅವರ ದನಿ ಏರಿತು. "ಹಳೇ ನಮೂನಿ ಕನ್ನಡ ಫಾಂಟ್ ಎಲ್ಲಾ ಕಂಪ್ಯೂಟರಿನ್ಯಾಗೂ ಕಾಣೂ ಯೂನಿಕೋಡ್ ಮಾಡಾಕ ನಮ್ಮ ಡಿಟಿಪಿ ಅಂಗಡ್ಯಾಂವ ಅದರಾಗ ಏನೋ ಇಟ್ಟಾನ್ರಿ. ನಮ್ಮ ಪ್ಯಾಟ್ಯಾಗ ಟೈಪ್ ಮಾಡಿಸಿದ್ದಕ್ಕೆಲ್ಲ ಅದು ಇರ್ತದ."

ಕಳ್ಳನೂ ಹೀಗೇ ಹೇಳುತ್ತಾನಲ್ಲವೇ? ಅನುಮತಿ ಕೊಡದೆ, ತರಬೇತಿಯಲ್ಲಿ ತೋರಿಸಿದಂತೆ ಮ್ಯಾಕ್ರೋದ ಸಾಲುಗಳನ್ನೇ ಬಿಚ್ಚಿ ಓದಿದೆ. ಈ ಅಕ್ಷರ ತೆಗೆ, ಆ ಅಕ್ಷರ ಹಾಕು ಎಂಬುದರ ಹೊರತು ಅದರಲ್ಲಿ ಇನ್ನೇನೂ ಇರಲಿಲ್ಲ. ಕೊನೆಗೆ ಒತ್ತಿದೆ. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು! ಶಾಂತಾಳ ಮುಖ ಅರಳಿತು, ನನಗೆ ನಾಚಿಕೆಯಾಯಿತು.

ಬೀಗರಾಗುವವರ ಸಿಟ್ಟು ಇಳಿಸಲು ರೇಣುಕಾಳ ಬಯೋಡೇಟಾವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನಾನೇ ಮುತುವರ್ಜಿಯಿಂದ ಟೈಪಿಸಿ ಕಳಿಸಿದೆ. ಸಂಜೆ ಅವರದೇ ಫೋನು: "ಸರ, ನಿಮ್ಮ ಫೈಲಿನ್ಯಾಗ ವೈರಸ್ ಅದ ಅಂತ ನಮ್ಮ ಕಂಪ್ಯೂಟರ್ ಕೆಂಪು ಅಕ್ಷರದಾಗ ಒದರಾಕತ್ತದ್ರಿ." ಪರೀಕ್ಷಿಸಿದರೆ ಮಾತು ನಿಜ. ಊರ ಫೈಲುಗಳನ್ನೆಲ್ಲ ಅನುಮಾನಿಸಿದ ನಾನು ನನ್ನ ಲ್ಯಾಪ್‌ಟಾಪನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಅದರೊಳಗೆ ಯಾವಾಗಲೋ ಹೊಕ್ಕಿದ್ದ ಮ್ಯಾಕ್ರೋ ವೈರಸ್ಸು ನಾನು ಟೈಪಿಸಿದ ಪ್ರತಿ ಫೈಲಿಗೂ ತನ್ನದೊಂದು ಮರಿಯನ್ನು ಸೇರಿಸಿ ಕಳಿಸುತ್ತಿತ್ತು.

ಸಂಬಂಧ ಹೋಯಿತೆಂದೇ ಕುಳಿತೆ. ಶಾಂತಾ ಚಹಾದ ಲೋಟವನ್ನು ಮಾತಿಲ್ಲದೆ ಕುಕ್ಕಿ ಹೋದಳು. ನಿಜವಾಗಿ ಹೆದರಿಕೆಯಾಯಿತು. ಆದರೆ ಭಾನುವಾರ ಹುಡುಗನ ತಂದೆಯೇ, "ರೋಗ ಬಂದದ್ದು ಫೈಲಿಗೆ, ಹುಡುಗಿಗಲ್ಲಲ್ರಿ," ಎನ್ನುತ್ತ ಹುಡುಗನನ್ನು ಕರೆದುಕೊಂಡು ಬಂದರು. ರೇಣುಕಾ ಏನೋ ಕೇಳಿದಳು, ಹುಡುಗ ನಕ್ಕ, ಉಳಿದದ್ದು ತಾನಾಗಿಯೇ ಕೂಡಿಬಂತು. ಹೊರಡುವಾಗ ಬೀಗರು ನನ್ನ ಭುಜದ ಮೇಲೆ ಕೈಯಿಟ್ಟರು.

"ಹುಡುಗಿ ಪಸಂದ್ ಆಗ್ಯಾಳ್ರಿ. ಮದುವಿ ಕಾರ್ಡ್ ಮಾತ್ರ ನಿಮ್ಮ ಕಡೀದೂ ನಾವ ಮಾಡಿಸ್ತೀವಿ. ನೀವೇನೂ ತ್ರಾಸ ತಗೋಬ್ಯಾಡ್ರಿ."

ಈ ಔದಾರ್ಯದ ಒಳಗೆ ಏನು ಅಡಗಿದೆಯೆಂದು ತಿಳಿಯಲು ನನಗೆ ಯಾವ ತಪಾಸಣೆಯೂ ಬೇಕಾಗಲಿಲ್ಲ.