ಬಿಗಿಯಪ್ಪ ಬಿಯರಿನ ಮೂಗು ಮುಚ್ಚಿದ್ದು

“ಈ ಸಲ ಸಮುದ್ರವೇ ಸೋರಿದ್ರೂ ಸರಿ, ನಾನು ಕೈ ಹಾಕಲ್ಲ!”

ರಜೆಗೆ ಹೊರಡುವ ಮುನ್ನ ಬಿಗಿಯಪ್ಪ ಹೊಸ್ತಿಲ ಮೇಲೆ ನಿಂತು, ಬಲಗೈ ಎತ್ತಿ ಹೀಗೆಂದು ಘೋಷಿಸಿದ. ಸಿಂಹಾಸನ ತ್ಯಾಗ ಮಾಡಿದವನ ಗತ್ತು ಅವನ ಮುಖದ ಮೇಲಿತ್ತು. ಹೆಂಡತಿ ಅವನ ಚೀಲ ಬಿಚ್ಚಿ, ಗಡ್ಡ ಹೆರೆಯುವ ಸಾಮಾನಿನ ನಡುವೆ ಅಡಗಿ ಕೂತಿದ್ದ, ನಲ್ಲಿ ಬಿಗಿಯುವ ಒಂದು ಪಾನಾ ಎಳೆದು ಹೊರಗಿಟ್ಟಳು. ಟವೆಲ್ಲಿನ ಮಡಿಕೆಯಿಂದ ಇನ್ನೊಂದು ಪಾನಾ ಬಂತು. ಕಾಲುಚೀಲದೊಳಗಿಂದ ವಾಷರುಗಳ ಪೊಟ್ಟಣ ಬಂತು. ಇವೆಲ್ಲ ಹೇಗೆ ಚೀಲ ಸೇರಿದವೋ ತನಗೆ ಸುತರಾಂ ಗೊತ್ತಿಲ್ಲವೆಂದ ಬಿಗಿಯಪ್ಪ. ಪಾಪ, ತಾವಾಗಿಯೇ ನಡೆದುಕೊಂಡು ಬಂದಿರಬೇಕೆಂದಳು ಆಕೆ.

ಬಿಗಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನಲ್ಲಿ ರಿಪೇರಿ ಅವನ ಕಸುಬು. ಅವನು ಮುಟ್ಟಿದ ನಲ್ಲಿ ಮತ್ತೆ ಸೋರಿದ್ದಿಲ್ಲ. ಕೆಲವು ಮತ್ತೆ ತೆರೆದುಕೊಂಡದ್ದೂ ಇಲ್ಲ! ಮನೆಯ ಡಬ್ಬಿಗಳ ಮುಚ್ಚಳವನ್ನೂ ಅದೇ ನಿಷ್ಠೆಯಿಂದ ಬಿಗಿಯುತ್ತಿದ್ದ. ಸಕ್ಕರೆ ಬೇಕಾದರೆ ಹೆಂಡತಿ ಅವನು ಕೆಲಸದಿಂದ ಬರುವ ತನಕ ಕಾಯಬೇಕಿತ್ತು. ಬೀದಿಯವರು ಸೇರಿ ಇಟ್ಟ ಹೆಸರದು; ಈಗ ಹೆಂಡತಿಯ ಅಕ್ಕ ಕೂಡ ಫೋನಿನಲ್ಲಿ ಬಿಗಿಯಪ್ಪ ಹೇಗಿದ್ದಾರೆ ಎಂದೇ ಕೇಳುವುದು.

ಅವನ ಪ್ರತಿಜ್ಞೆಯ ಹಿಂದೆ ಒಂದು ಹಳೆಯ ಕತೆಯಿದೆ. ಮದುವೆಯಾದ ಹೊಸತರಲ್ಲಿ ಇಬ್ಬರೂ, ಈಗ ಹೊರಟಿದ್ದ ಇದೇ ಕಡಲತೀರದ ಊರಿಗೆ ಹೋಗಿದ್ದರು. ಊರಿನಿಂದ ಒಂದಿಷ್ಟು ಒಳಗೆ, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟವಿದೆ, ಅಲ್ಲೇ ವೈನ್ ಮಾಡುತ್ತಾರೆ, ಬಿಯರನ್ನೂ ತಯಾರಿಸುತ್ತಾರೆ, ಹೋದವರಿಗೆಲ್ಲ ಸುತ್ತಾಡಿಸಿ ತೋರಿಸುತ್ತಾರೆ ಎಂದು ಯಾರೋ ಹೇಳಿದ್ದರು. ಹೊಸ ಹೆಂಡತಿ ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಮಂಚದ ತುದಿಯಲ್ಲಿ ಸಿದ್ಧವಾಗಿ ಕೂತಳು. ಆಗ ಲಾಡ್ಜಿನ ಬಚ್ಚಲ ನಲ್ಲಿ ಟಪ್ ಎಂದಿತು. ಒಂದೇ ನಿಮಿಷ ಎಂದು ಎದ್ದ ಬಿಗಿಯಪ್ಪ. ಆ ನಲ್ಲಿ ಆಯಿತು. ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು. ಆಮೇಲೆ ಮೇಲ್ಮಹಡಿ, ಆಮೇಲೆ ಅಡುಗೆಮನೆ, ಆಮೇಲೆ ಮಾಲೀಕರ ಮನೆ. ಸಂಜೆಯ ಹೊತ್ತಿಗೆ ಇಡೀ ಲಾಡ್ಜಿನಲ್ಲಿ ಇನ್ನೂ ಸೋರುತ್ತಿದ್ದದ್ದು ಹೆಂಡತಿಯ ಕಣ್ಣು ಮಾತ್ರ.

ಮರುದಿನ ಬೆಳಿಗ್ಗೆ ಊರಿನ ಬಸ್ಸು. ತೋಟ ಹಾಗೇ ಉಳಿಯಿತು. ಅಂದಿನಿಂದ ಮನೆಯಲ್ಲಿ ಯಾವ ಜಗಳ ಶುರುವಾದರೂ, ಅದು ಉಪ್ಪಿನದಾಗಲಿ, ಮಗಳ ಶಾಲೆಯದಾಗಲಿ, ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ತೋಟದ ಗೇಟಿನಲ್ಲಿ. ಅವತ್ತು ತೋಟ ತೋರಿಸದ ಮನುಷ್ಯ ನೀವು ಎಂದು ಆಕೆ ಅಂದರೆ ಮುಗಿಯಿತು, ಬಿಗಿಯಪ್ಪನ ಬಾಯಿಗೆ ಬೀಗ. ಮೂವತ್ತು ವರ್ಷ ಬಳಸಿದರೂ ಮೊಂಡಾಗದ ಅಸ್ತ್ರ! ಈಗ ಮಗಳೇ ಹಟ ಹಿಡಿದು ಇಬ್ಬರನ್ನೂ ಅದೇ ಕಡಲೂರಿಗೆ ಹೊರಡಿಸಿದ್ದಳು. ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: “ಅಪ್ಪಾ, ಒಂದೇ ಒಂದು ಮಧ್ಯಾಹ್ನ ಅಮ್ಮನ ಜೊತೆ ಇರು. ನಲ್ಲಿ ಜೊತೆ ಅಲ್ಲ.”

ಆ ಮಾತು ಬಿಗಿಯಪ್ಪನಿಗೆ ನಿಜಕ್ಕೂ ನಾಟಿತ್ತು. ಹೋಟೆಲಿನ ಬಚ್ಚಲ ನಲ್ಲಿ ತೊಟ್ಟಿಕ್ಕಿದಾಗ ಹಲ್ಲು ಕಚ್ಚಿ ಸಹಿಸಿದ. ಮರಳಿನ ದಂಡೆಯಲ್ಲಿ ಕಾಲು ತೊಳೆಯುವ ನಲ್ಲಿ ಹೇಳುವವರು ಕೇಳುವವರಿಲ್ಲದೆ ಸುರಿಯುತ್ತಿದ್ದಾಗ ಮುಖ ತಿರುಗಿಸಿ ಅಲೆ ಎಣಿಸಿದ. ಹೆಂಡತಿಗೇ ಕನಿಕರವಾಗಿ ಐಸ್‌ಕ್ರೀಮು ಕೊಡಿಸಿದಳು.

ಕೊನೆಗೂ ತೋಟ ಬಂತು. ಗಂಡ ಹೆಂಡತಿ ಇಬ್ಬರೇ ನಡೆಸುವ ಜಾಗ. ಬಿಯರು ಗಂಡನದು, ವೈನು ಹೆಂಡತಿಯದು. ತೋಟದೊಡೆಯ ದೊಡ್ಡ ಕೊಟ್ಟಿಗೆಯಂಥ ಕಟ್ಟಡದೊಳಗೆ ಇಬ್ಬರನ್ನೂ ಕರೆದೊಯ್ದ. ನೆನೆದ ಕಾಳಿನ ಘಮ, ಒದ್ದೆ ನೆಲ, ಸಾಲಾಗಿ ಉಕ್ಕಿನ ಪೀಪಾಯಿಗಳು. ಮುಂದಿನ ಕೋಣೆಯಲ್ಲಿ ದ್ರಾಕ್ಷಿ ಹಿಂಡುವ ಯಂತ್ರ ತೋರಿಸುತ್ತೇನೆಂದು ಆತ ಮುಂದೆ ಹೋದ. ಹಿಂದೆಯೇ ಬಿಗಿಯಪ್ಪನ ಹೆಂಡತಿಯೂ ಹೋದಳು. ಬಿಗಿಯಪ್ಪ ಹೋಗಲಿಲ್ಲ. ಏಕೆಂದರೆ ಕಡೆಯ ಪೀಪಾಯಿಯ ಬಳಿ ಅವನಿಗೊಂದು ಸದ್ದು ಕೇಳಿಸಿತ್ತು.

ಗುಳುಗುಳು. ಗುಳುಗುಳು.

ಪೀಪಾಯಿಯ ನೆತ್ತಿಯಿಂದ ಒಂದು ಕೊಳವೆ ಇಳಿದು, ನೆಲದ ಮೇಲಿದ್ದ ಬಕೆಟ್ಟಿನ ನೀರಿನೊಳಗೆ ಮುಳುಗಿತ್ತು. ಅದರ ಬಾಯಿಂದ ಗುಳ್ಳೆಗಳೆದ್ದು, ನೊರೆ ಬಕೆಟ್ಟಿನ ಅಂಚು ದಾಟಿ ನೆಲದ ಮೇಲೆ ಹರಿಯುತ್ತಿತ್ತು. ಸೋರಿಕೆ! ಅದೂ ಕೆಳಗೊಂದು ಬಕೆಟ್ಟು ಇಟ್ಟು ಸುಮ್ಮನಾಗಿರುವ ಸೋರಿಕೆ! ಇದಕ್ಕಿಂತ ದೊಡ್ಡ ಪಾಪ ಬಿಗಿಯಪ್ಪನ ಧರ್ಮದಲ್ಲಿ ಇರಲಿಲ್ಲ. ಕೈ ತುರಿಸಿತು. ಕೈಯನ್ನು ಜೇಬಿಗೆ ಹಾಕಿದ. ಜೇಬಿನೊಳಗೂ ತುರಿಸಿತು. ಕೊಳವೆಯ ಬುಡದಲ್ಲಿ ಒಂದು ಪುಟ್ಟ ವಾಲ್ವು, ನನ್ನನ್ನು ತಿರುಗಿಸುವ ಗಂಡಸು ಇಲ್ಲಿ ಯಾರೂ ಇಲ್ಲವೇ ಎಂಬಂತೆ ನೋಡುತ್ತಿತ್ತು. ತಾನು ಕೈಯೆತ್ತಿ ಆಣೆ ಹಾಕಿ ಬಿಟ್ಟದ್ದು ನಲ್ಲಿಯನ್ನು, ಇದು ವಾಲ್ವು. ಪ್ರತಿಜ್ಞೆಗೆ ಯಾವ ಭಂಗವೂ ಇಲ್ಲವೆಂದು ತನ್ನೊಳಗೇ ತೀರ್ಪು ಕೊಟ್ಟುಕೊಂಡ. ಒಂದು ತಿರುವು, ಅಷ್ಟೇ. ಆಮೇಲೆ ಅಭ್ಯಾಸಬಲದಿಂದ ಇನ್ನೊಂದಿಷ್ಟು ಬಿಗಿ. ಗುಳುಗುಳು ನಿಂತಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ.

ಹಿಂಡುವ ಯಂತ್ರ ನೋಡಿ ಮುಗಿದ ಮೇಲೆ ತೋಟದೊಡತಿ ದಂಪತಿಯನ್ನು ಬಳ್ಳಿಗಳ ಅಂಚಿನಲ್ಲಿದ್ದ ಬೆಂಚಿನ ಮೇಲೆ ಕೂರಿಸಿ, ಎರಡು ಲೋಟ ವೈನ್ ಕೊಟ್ಟು, ಇದು ಮುಗಿಸಿ, ಆಮೇಲೆ ತೋಟ ಸುತ್ತೋಣವೆಂದು ಒಳಗೆ ಹೋದಳು. ದೂರದಲ್ಲಿ ಕಡಲಿನ ಒಂದು ಚೂರು ಕಾಣುತ್ತಿತ್ತು. ಹೆಂಡತಿ ಒಂದು ಗುಟುಕು ಹೀರಿ, ಹುಳಿಗೆ ಕಣ್ಣು ಕಿರಿದು ಮಾಡಿ, ಮತ್ತೊಂದು ಗುಟುಕು ಹೀರಿದಳು.

“ಆಗ ನಿಮಗೆ ತಲೆ ತುಂಬ ಕೂದಲಿತ್ತು,” ಎಂದಳು.

“ನಿನಗೆ ಮೂಗಿನ ತುದೀಲಿ ಕೋಪ ಇತ್ತು.”

“ಅದು ಉದುರಿಲ್ಲ, ಬಿಡಿ.”

ಇಬ್ಬರೂ ನಕ್ಕರು. ಅವತ್ತು ಲಾಡ್ಜಿನ ಮೆಟ್ಟಿಲ ಮೇಲೆ ಕೂತು, ಈ ಮನುಷ್ಯನ ಜೊತೆ ಬಾಳುವುದು ಹೇಗಪ್ಪಾ ಎಂದು ಅತ್ತದ್ದನ್ನು ಹೇಳಿದಳು. ಕತ್ತಲ ಬಚ್ಚಲಲ್ಲಿ ಅವನಿಗೆ ಟಾರ್ಚು ಹಿಡಿಯಲು ಹೋದಾಗ, ಮೈಯೆಲ್ಲ ತುಕ್ಕು ನೀರು ಮಾಡಿಕೊಂಡು ಅವನು ತನ್ನ ಕಡೆ ತಿರುಗಿ ನಕ್ಕದ್ದನ್ನೂ, ಅಳು ಅಲ್ಲಿಗೇ ನಿಂತದ್ದನ್ನೂ ಹೇಳಿದಳು. ಇಷ್ಟು ವರ್ಷದಲ್ಲಿ ಆಕೆ ಆ ಎರಡನೆಯ ಭಾಗ ಹೇಳಿದ್ದು ಇದೇ ಮೊದಲು. ಬಿಗಿಯಪ್ಪ ಲೋಟ ಕೆಳಗಿಟ್ಟು ಅವಳತ್ತ ತಿರುಗಿದ. ಎಂಥ ಹೆಂಗಸು, ಎಂಥ ಮಧ್ಯಾಹ್ನ! ಇಂಥವಳಿಗೆ ತಾನು ಸದ್ದಿಲ್ಲದೆ ಮಾಡಿದ ಪರೋಪಕಾರವನ್ನು ಹೇಳದಿದ್ದರೆ ಹೇಗೆ?

“ಇವಳೇ, ಒಂದು ಮಾತು,” ಎಂದು ಬಾಯಿ ತೆರೆದ.

ಧಡಾರ್!

ಕಟ್ಟಡದೊಳಗಿನ ಸದ್ದಿಗೆ ಬಳ್ಳಿಯ ಮೇಲಿನ ಹಕ್ಕಿಗಳೆಲ್ಲ ಎದ್ದವು. ಓಡಿಹೋಗಿ ನೋಡಿದರೆ ಪೀಪಾಯಿಯ ಮುಚ್ಚಳ ಕಿತ್ತು ಮೂಲೆಗೆ ಬಿದ್ದಿತ್ತು. ನೊರೆ ಚಾವಣಿಗೆ ಚಿಮ್ಮಿ, ಗೋಡೆ ನೆಂದು, ಕಿಟಕಿಯಿಂದ ಇಳಿಯುತ್ತಿತ್ತು. ತೋಟದೊಡೆಯ ಹುಬ್ಬಿನವರೆಗೂ ಬೆಳ್ಳಗಾಗಿ ನಿಂತಿದ್ದ. ವಾಲ್ವು ಮುಚ್ಚಿದ್ದು ಯಾರೆಂದು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಿಗಿಯಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟ. ಹೆಂಡತಿ ಆ ಕೈಗಳನ್ನೇ ನೋಡಿದಳು.

“ಯಾರು ಅಂತ ಕೇಳ್ಬೇಡಿ ಅಣ್ಣಾ,” ಎಂದಳು. “ನಮ್ಮ ಮನೆಯವರು ನಲ್ಲಿ ರಿಪೇರಿ ಮಾಡ್ತಾರೆ.”

ತೋಟದೊಡೆಯ ತಲೆ ಹಿಡಿದುಕೊಂಡ. ಒಳಗೆ ಹುದುಗುತ್ತಿರುವ ಬಿಯರು ಗಾಳಿ ಬಿಡುತ್ತದೆ, ಅದು ಹೊರಗೆ ಹೋಗಲೆಂದೇ ಆ ಕೊಳವೆ ಎಂದು ವಿವರಿಸಿದ. “ಅದು ಉಸಿರಾಡ್ತಿತ್ತು ಸ್ವಾಮಿ. ನೀವು ಮೂಗು ಮುಚ್ಚಿಬಿಟ್ರಿ.”

ಬಿಗಿಯಪ್ಪ ಕೈಜೋಡಿಸಿ ತಪ್ಪಾಯಿತೆಂದ, ಪೀಪಾಯಿ ಸರಿಮಾಡಿಕೊಡುತ್ತೇನೆಂದ. ನೀವು ಅದರ ಹತ್ತಿರ ಬರದಿದ್ದರೆ ಅದೇ ದೊಡ್ಡ ಉಪಕಾರ, ಬೇಕಾದರೆ ನೆಲ ತೊಳೆಯಿರಿ ಎಂದ ಒಡೆಯ. ಪ್ಯಾಂಟು ಮಡಚಿ ಪೊರಕೆ ಹಿಡಿದದ್ದಾಯಿತು. ಹೆಂಡತಿ ಒಂದು ಬೈಗುಳವನ್ನೂ ಬೈಯದೆ ತೋಟದೊಡತಿಯ ಜೊತೆ ಬಳ್ಳಿಗಳ ನಡುವೆ ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂಟುನೊರೆ ಗುಡಿಸುತ್ತಾ ಬಿಗಿಯಪ್ಪನಿಗೆ ಅಳುವೇ ಬಂತು. ಮಗಳು ಕೇಳಿದ್ದು ಒಂದೇ ಒಂದು ಮಧ್ಯಾಹ್ನ. ಅದನ್ನೂ ಕೈಯಾರೆ ಕಳೆದುಕೊಂಡಿದ್ದ. ಹೆಂಡತಿ ಮತ್ತೆ ಒಬ್ಬಳೇ, ತಾನು ಮತ್ತೆ ಒದ್ದೆ ನೆಲದಲ್ಲಿ.

ಬಿಸಿಲು ಇಳಿಯುವ ಹೊತ್ತಿಗೆ ಆಕೆ ಬಂದಳು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಗೋಡೆಗೊರಗಿಸಿದ್ದ ಇನ್ನೊಂದು ಪೊರಕೆ ತೆಗೆದುಕೊಂಡು, ಅವನ ಪಕ್ಕದಲ್ಲೇ ಗುಡಿಸತೊಡಗಿದಳು.

“ತೋಟ ನೋಡಿದ್ಯಾ?” ಎಂದು ಕೊನೆಗೆ ಮೆಲ್ಲಗೆ ಕೇಳಿದ ಬಿಗಿಯಪ್ಪ.

“ನೋಡ್ದೆ. ಬಳ್ಳಿ. ಅದರಾಚೆ ಬಳ್ಳಿ. ಅದರಾಚೆನೂ ಬಳ್ಳಿನೇ. ಇಷ್ಟಕ್ಕಾ ಮೂವತ್ತು ವರ್ಷ ನಿಮ್ಮನ್ನ ಬೈದಿದ್ದು ಅನ್ನಿಸ್ತು ಕಣ್ರೀ.”

ಬಿಗಿಯಪ್ಪನಿಗೆ ಹೋದ ಜೀವ ಬಂದಂತಾಯಿತು. ಪೊರಕೆಗೆ ಗಲ್ಲ ಊರಿ, ಆಸೆಯಿಂದ ಅವಳ ಮುಖ ನೋಡಿದ. “ಹಾಗಾದ್ರೆ ಇನ್ಮೇಲೆ ಬೈಯಲ್ಲ?”

“ಅದೇ ಚಿಂತೆ ಹತ್ತಿತ್ತು ನೋಡಿ ನನಗೂ,” ಎಂದು ಹೆಂಡತಿ ಅವನ ಕಿವಿಯ ಹಿಂದಿನ ನೊರೆಯನ್ನು ಬೆರಳಿನಿಂದ ಒರೆಸಿದಳು. “ತೋಟ ನೋಡಿ ಆಯ್ತು, ಇನ್ನು ಏನಂತ ಬೈಲಿ ಅಂತ. ಸದ್ಯ, ನೀವು ಕೈಬಿಡಲಿಲ್ಲ. ಇವತ್ತಿಂದು ಇನ್ನೊಂದು ಮೂವತ್ತು ವರ್ಷಕ್ಕೆ ಸಾಕು.”