ಫ್ರಿಜ್ಜಿನ ಮೇಲಿನ ಹನ್ನೆರಡು ಸಿಟ್ಟುಗಳು

"ಇನ್ನ ಮ್ಯಾಲ ನಮ್ಮ ಮನ್ಯಾಗ ಯಾವ ಸಿಟ್ಟೂ ಹೆಸರಿಲ್ಲದ ಅಡ್ಡಾಡೂದಿಲ್ಲ!" ಎಂದು ಕಳಕೇಶ ಮಾಸ್ತರು ಘೋಷಿಸಿದಾಗ, ಅವರ ತಾಯಿ ಅಮೃತವ್ವ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

ಬೆಟಗೇರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರು ಎರಡು ದಿನದ ತರಬೇತಿ ಮುಗಿಸಿ ಬಂದಿದ್ದರು. ಸಿಟ್ಟಿಗೆ ಸರಿಯಾದ ಹೆಸರಿಟ್ಟರೆ ಅದು ಅರ್ಧ ಇಳಿದಂತೆಯೇ ಎಂದು ಅಲ್ಲಿ ಯಾರೋ ಹೇಳಿದ್ದರು. ಇಂಗ್ಲಿಷಿನಲ್ಲಿ ಹೆಸರಿಗೇನು ಬರವೇ! ಔಟ್‌ಬರ್ಸ್ಟ್, ಟ್ಯಾಂಟ್ರಮ್, ಮೆಲ್ಟ್‌ಡೌನ್, ಫ್ಲೇರ್‌ಅಪ್... ಒಟ್ಟು ಹನ್ನೆರಡನ್ನು ದುಂಡಗೆ ಬರೆದು ಫ್ರಿಜ್ಜಿಗೆ ಅಂಟಿಸಿದರು.

ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಂದ ಸಿಟ್ಟು ಮಾಡಿಕೊಳ್ಳುವ ಭಾಗ್ಯ ಇರಲಿಲ್ಲ. ಮಗಳು ಐಶ್ವರ್ಯಾ ಮೊಬೈಲ್ ಕೊಡಲಿಲ್ಲವೆಂದು ಚೀಲ ಎಸೆದರೆ, "ಟ್ಯಾಂಟ್ರಮ್!" ಅಮೃತವ್ವ ಹಾಲಿನವನನ್ನು ಬೈದರೆ, "ಅವ್ವಾ, ಇದು ಔಟ್‌ಬರ್ಸ್ಟ್!"

"ಹಾಲಿನ್ಯಾಗ ನೀರು ಹಾಕಿದಾವ ಅವಾ. ಹೆಸರು ನನಗ ಇಡ್ತೀಯೇನೋ?" ಎಂದಳು ಅಮೃತವ್ವ.

ಹೆಂಡತಿ ಕಾಂಚನಾಗೆ ಮಾತ್ರ ಒಂದು ಪದವೂ ತಗಲಲಿಲ್ಲ. ಅವಳು ಕೂಗುವವಳಲ್ಲ, ಅಳುವವಳಲ್ಲ. "ನಮ್ಮ ಮನಿಯಾಕಿಗೆ ಇಂಗ್ಲಿಷಿನ್ಯಾಗ ಶಬ್ದನ ಇಲ್ರಿ!" ಎಂದು ಮಾಸ್ತರು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿದರು.

ಆ ಭಾನುವಾರ ಕಾಂಚನಾಳ ತಮ್ಮ ನೀಲಪ್ಪ ತವರೂರು ಡಂಬಳದಿಂದ ಅಕ್ಕನನ್ನು ನಾಗರಪಂಚಮಿಗೆ ಕರೆಯಲು ಬಂದ. "ಮಾಮಾರ, ಆರು ವರ್ಷದ ಮ್ಯಾಲ ನಾಕೂ ಮಂದಿ ಅಕ್ಕಾರು ಒಮ್ಮಿಗೇ ಕೂಡಾಕತ್ತಾರ. ಅವ್ವ ಜೋಕಾಲಿ ಹಗ್ಗಾನೂ ತರಿಸ್ಯಾಳ. ಎಂಟ ದಿನಾ ಕಳಸ್ರಿ."

"ಎಂಟ ದಿನಾ?" ಮಾಸ್ತರು ನಕ್ಕರು. "ನಮ್ಮವ್ವನ ಕೈ ನಡಗತಾವು. ನಮಗ ರೊಟ್ಟಿ ಯಾರಪಾ ಬಡಿಯವ್ರು? ಮುಂದಿನ ವರ್ಷ ನೋಡೂಣು."

ನೀಲಪ್ಪ ಚಹಾ ಕುಡಿದು ಸಪ್ಪಗೆ ಎದ್ದು ಹೋದ. ಕಾಂಚನಾ "ಆತು" ಎಂದಳು, ಅಷ್ಟೇ.

ಸಂಜೆ ಅಡುಗೆಮನೆಯಿಂದ ಸಪ್ಪಳ ಶುರುವಾಯಿತು. ಪಟ್! ಪಟ್! ಪಟ್! ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುತ್ತಿದ್ದ ರಭಸಕ್ಕೆ ಫ್ರಿಜ್ಜಿನ ಪಟ್ಟಿ ಒಂದು ಮೂಲೆಯಲ್ಲಿ ಕಿತ್ತುಕೊಂಡಿತು! ಗೋಡೆಯಾಚೆಯಿಂದ ಪಕ್ಕದ ಮನೆಯ ನಜಮಾ ಕೂಗಿದಳು: "ಕಾಂಚನಕ್ಕಾ, ಇವತ್ತ ಯಾರ ಮ್ಯಾಲ ಸಿಟ್ಟು?"

ಮಾಸ್ತರು ಬೆಚ್ಚಿಬಿದ್ದರು. ಇಷ್ಟು ವರ್ಷ ಅವರು ಹಸಿವಿನ ಕಿವಿಯಿಂದ ಕೇಳಿದ ಸಪ್ಪಳವನ್ನು ಓಣಿಯೆಲ್ಲ ಬೇರೆಯೇ ರೀತಿ ಕೇಳುತ್ತಿತ್ತಲ್ಲ! ಕನ್ನಡಕ ಏರಿಸಿ ಪಟ್ಟಿ ಹುಡುಕಿದರು. ಹನ್ನೆರಡರಲ್ಲಿ ಯಾವುದೂ ಹೊಂದಲಿಲ್ಲ.

"ನಿನಗ ಸಿಟ್ಟು ಬಂದೈತೇನು?"

"ಇಲ್ರಿ."

"ಹಂಗಾರ ಇದಕ್ಕ ಏನಂತಾರ?"

"ರೊಟ್ಟಿ ಅಂತಾರ್ರಿ."

ಸೋಮವಾರ, ಮಂಗಳವಾರ ಎರಡೂ ಹೊತ್ತು ಅದೇ ಪಟಪಟ. ಮಾಸ್ತರು ಡಿಕ್ಷನರಿ ತೆಗೆದರು. ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದು ಸಹೋದ್ಯೋಗಿಗಳಿಗೆ ಕೇಳಿಸಿದರು. ಹೋಗಿ ಬಾ ಎಂದು ಎರಡು ಮಾತು ಹೇಳುವುದಕ್ಕೆ ಮಾತ್ರ ಅವರಿಗೆ ಪುರಸೊತ್ತು ಸಿಗಲಿಲ್ಲ.

ಬುಧವಾರ ಬೆಳಿಗ್ಗೆ ಅಡುಗೆಮನೆ ತಣ್ಣಗಿತ್ತು. "ನೋಡವ್ವಾ, ತಾನ ಇಳೀತು!" ಮಾಸ್ತರು ಗೆದ್ದವರಂತೆ ನಕ್ಕರು.

ಅಮೃತವ್ವ ತಲೆಯಾಡಿಸಿದಳು. "ಲೇ ಹುಚ್ಚಾ, ರೊಟ್ಟಿ ಸಪ್ಪಳ ಇರೂತನಾ ಹೆದರಬಾರ್ದು. ನಿಂತ ಮ್ಯಾಲ ಹೆದರಬೇಕು."

ಒಳಗೆ ಹೋಗಿ ನೋಡಿದರೆ ಕಟ್ಟೆಯ ಮೇಲೆ, ಬಿಳಿ ಅರಿವೆಯ ಕೆಳಗೆ, ಮೊಣಕೈಯೆತ್ತರ ಖಡಕ್ ರೊಟ್ಟಿ! ಪಕ್ಕದಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಕಾಂಚನಾ ಹೊಸ ಸೀರೆ ಉಟ್ಟು ಚೀಲ ಹಿಡಿದು ನಿಂತಿದ್ದಳು. ಐಶ್ವರ್ಯಾ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ರೊಟ್ಟಿ ಯಾರು ಬಡಿಯವ್ರು ಅಂತ ಕೇಳಿದ್ರೆಲ್ಲ. ಎಂಟ ದಿನದ್ದು ಬಡದಿಟ್ಟೀನ್ರಿ," ಎಂದಳು. ದನಿ ಏರಲಿಲ್ಲ, ಆದರೆ ಕಣ್ಣು ತುಂಬಿದ್ದವು. "ಹೋಗ್ಲೇನ್ರಿ?"

ಹದಿನಾರು ವರ್ಷ ಇವಳ ಅಂಗೈಯಿಂದ ಉಂಡು, ಆ ಅಂಗೈ ಏನು ಹೇಳುತ್ತದೆಂದು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ಮಾಸ್ತರಿಗೆ ನಾಚಿಕೆಯಾಯಿತು. ಅವಳ ಕೈಯಿಂದ ಚೀಲ ಇಸಿದುಕೊಂಡು ಬಸ್‌ಸ್ಟ್ಯಾಂಡಿನ ತನಕ ಹೊತ್ತರು.

ಬಸ್ಸು ಹತ್ತಿದ ಕಾಂಚನಾ ಕಿಟಕಿಯಿಂದ ಬಗ್ಗಿ ಹೇಳಿದಳು: "ಖಡಕ್ ರೊಟ್ಟಿ ನಿಮಗಷ್ಟರಿ. ಅತ್ತಿಯವರಿಗೆ ಹಲ್ಲಿಲ್ಲ. ಅವರಿಗೆ ದಿನಾ ಬಿಸಿ ರೊಟ್ಟಿ ನೀವ ಬಡೀರಿ!"

ಮಧ್ಯಾಹ್ನ ಇಂಗ್ಲಿಷ್ ಪಂಡಿತರು ಹಿಟ್ಟಿನ ಮುಂದೆ ಕುಳಿತರು. ಮೊದಲ ರೊಟ್ಟಿ ಶ್ರೀಲಂಕೆಯಾಯಿತು, ಎರಡನೆಯದು ಎರಡು ಹೋಳಾಯಿತು. ಮೂರನೆಯದು ಅಂಗೈಗೆ ಅಂಟಿಕೊಂಡು ಹಂಚಿಗೆ ಬೀಳಲು ಒಪ್ಪಲಿಲ್ಲ. ಹೊಸ್ತಿಲಲ್ಲಿ ಕುಳಿತ ಅಮೃತವ್ವ, "ಜೋರಲೇ ಬಡಿಯೋ, ಅಂದ್ರ ಬರತೈತಿ!" ಎಂದಳು. ಮಾಸ್ತರು ಹಲ್ಲು ಕಚ್ಚಿ ಬಡಿದರು. ಪಟ್! ಪಟ್! ಪಟ್!

ಗೋಡೆಯಾಚೆಯಿಂದ ನಜಮಾಳ ದನಿ ಬಂತು: "ಕಾಂಚನಕ್ಕಾ, ಇನ್ನೂ ಊರಿಗೆ ಹೋಗಿಲ್ಲೇನು? ಇವತ್ತ ಯಾರ ಮ್ಯಾಲ?"

ಮಾಸ್ತರು ಹಣೆಯ ಬೆವರು ಒರೆಸಿಕೊಂಡರು. ಹಿಟ್ಟು ಮೀಸೆಗೂ ಮೆತ್ತಿತು.

"ನಿಮ್ಮಕ್ಕ ಊರಿಗೆ ಹೋಗ್ಯಾಳವಾ," ಎಂದರು. "ಇದು ನಂದು. ನನ್ನ ಮ್ಯಾಲ!"